ಕಡಲಿನ ಬಾಗಿಲಾದ ದೋಣಿ

ನಾನು ಫೈಬರಿನ ದೋಣಿ. ಮರದ ದೋಣಿಗಳಿಗಿರುವಂತೆ ಕಾಡಿನ ನೆನಪು ನನಗಿಲ್ಲ. ಉಡುಪಿ ಕಡೆಯ ಕಡಲ ತೀರದ ತಗಡಿನ ಶೆಡ್ಡಿನಲ್ಲಿ, ಅಚ್ಚಿನೊಳಗೆ ಪದರದ ಮೇಲೆ ಪದರ ಒಣಗಿ ಹುಟ್ಟಿದವಳು ನಾನು.

ನನ್ನನ್ನು ಕೊಂಡವರು ವಾಮನ ತಿಂಗಳಾಯರು. ಹನ್ನೊಂದು ವರ್ಷ ನನ್ನ ಹಿಂಬದಿಯಿಂದ ಬಲೆ ಬಿಟ್ಟರು. ಮೊಣಕಾಲು ನೋವು ಹೆಚ್ಚಿ ಮೀನುಗಾರಿಕೆ ಸಾಕೆನಿಸಿದಾಗ ನನ್ನನ್ನು ಊರಿನ ಹಾಯಿ ಕ್ಲಬ್ಬಿಗೆ ಕೊಟ್ಟು, ಚಾಲಕರಾಗಿ ತಾವೂ ಅಲ್ಲೇ ಸೇರಿಕೊಂಡರು.

ಅಲ್ಲಿ ಹಾಯಿ ಕಟ್ಟಿದ ಹಲಗೆಗಳ ಮೇಲೆ ನಿಂತು ಕಡಲಲ್ಲಿ ಸಾಗುವವರ ಪಂದ್ಯ. ಲಂಗರು ಹಾಕಿ ನಿಲ್ಲುವುದು ನನ್ನ ಕೆಲಸ. ನನ್ನ ಧ್ವಜದ ಕೋಲಿನಿಂದ ದೂರದ ತೇಲುಗುಂಡಿನವರೆಗೆ ಕಣ್ಣಿಗೆ ಕಾಣದ ಒಂದು ಗೆರೆ. ಹಾರ್ನ್ ಊದಿದ ಮೇಲೆಯೇ ಅದನ್ನು ದಾಟಬೇಕು. ಇಪ್ಪತ್ತು ಹಲಗೆಗಳಿದ್ದಾಗ ಚಂದವಿತ್ತು. ಎಪ್ಪತ್ತಾದಾಗ, ಗಾಳಿ ಚೆನ್ನಾಗಿ ಸಿಗುವ ನನ್ನ ಬದಿಗೇ ಎಲ್ಲರೂ ನುಗ್ಗತೊಡಗಿದರು. ಹಾರ್ನಿಗೆ ಮೊದಲೇ ಒಬ್ಬ ಮುಂದೆ ಸರಿದರೆ ಸಾಲಿಗೆ ಸಾಲೇ ಸರಿಯುತ್ತಿತ್ತು. ಎಲ್ಲರನ್ನೂ ವಾಪಸು ಕರೆಯಬೇಕಾಗುತ್ತಿತ್ತು. ಅಂಥದೊಂದು ನೂಕುನುಗ್ಗಲಿನಲ್ಲಿ ಮೆಲಿಟಾ ಎಂಬ ಹುಡುಗಿಯ ಮಣಿಕಟ್ಟು ನನ್ನ ಅಂಚಿಗೂ ಅವಳ ಹಾಯಿಯ ಕೋಲಿಗೂ ನಡುವೆ ಸಿಕ್ಕಿ ಮುರಿಯಿತು. ಅವಳನ್ನು ನೀರಿನಿಂದ ಎತ್ತಿದವರು ವಾಮನರೇ. ಆಮೇಲೆ ಒಂದು ವಾರ ಅವರು ನನ್ನ ಹತ್ತಿರ ಬರಲಿಲ್ಲ.

ಬಂದದ್ದು ಕೆಲಸ ಬಿಡುತ್ತೇನೆಂದು ಹೇಳಲು. ಪಂದ್ಯ ನಡೆಸುವ ರೇವತಿ ಕುಂದರ್ ಎಲ್ಲ ಕೇಳಿಸಿಕೊಂಡು, ಮರಳಿನ ಮೇಲೆ ಕಡ್ಡಿಯಿಂದ ಗೀಚುತ್ತ ಬೇರೊಂದು ಪದ್ಧತಿ ವಿವರಿಸಿದರು. ನಿಂತ ಗೆರೆಯೇ ಬೇಡ. ಒಬ್ಬ ಸ್ಪರ್ಧಿ ಎಲ್ಲರ ಮುಂದೆ ಓರೆಯಾಗಿ ಅಡ್ಡ ಹಾಯ್ದು ಹೋಗಬೇಕು. ಅವನ ಬೆನ್ನಿಗೇ ನಮ್ಮ ದೋಣಿ. ಉಳಿದವರು ಒಬ್ಬೊಬ್ಬರಾಗಿ ದೋಣಿಯ ಹಿಂದಿನಿಂದ ದಾಟಿದರೆ ಅದೇ ಅವರ ಆರಂಭ. ಹೀಗೆ ದೋಣಿಯ ಬೆನ್ನೇ ಬಾಗಿಲು, ಕೆಲವು ನಿಮಿಷ ಮಾತ್ರ ತೆರೆದಿರುತ್ತದೆ. ಪಂದ್ಯ ಸಾಗುವುದು ಗಾಳಿಗೆ ಎದುರಾಗಿ, ಬಾಗಿಲೂ ಅತ್ತಲೇ ಏರುತ್ತಾ ಹೋಗುವುದರಿಂದ ತಡವಾಗಿ ದಾಟಿದವರಿಗೂ ನಷ್ಟವಿಲ್ಲ. ಆದರೆ ದೋಣಿಯ ದಾರಿ ಡೊಂಕಾದರೆ ಎಲ್ಲ ಕೆಟ್ಟಂತೆ.

"ಸೀದಾ ಹೋಗ್ಲಿಕ್ಕೆ ಆಗ್ತದಾ ವಾಮನಣ್ಣ?" ಎಂದರು ರೇವತಿ.

ವಾಮನರು ಕಾಲ್ಬೆರಳಿನಿಂದ ಆ ಗೀಚನ್ನು ಇನ್ನಷ್ಟು ಉದ್ದ ಎಳೆದರು. "ಬಲೆ ಬಿಡುವಾಗ ಸೀದಾ ಹೋಗದಿದ್ರೆ ಬಲೆ ಸಿಕ್ಕು ಬೀಳ್ತದೆ ಮೇಡಂ. ನಂಗೆ ಗೊತ್ತಿರುದು ಅದೊಂದೇ."

ಡಿಸೆಂಬರಿನ ಪಂದ್ಯದ ದಿನ ಎಪ್ಪತ್ತನಾಲ್ಕು ಹಲಗೆಗಳು. ಇದು ಕೈಕೊಟ್ಟರೆ ಇನ್ನು ಮುಂದೆ ದೊಡ್ಡ ಪಂದ್ಯವೇ ಬೇಡವೆಂದು ಕ್ಲಬ್ಬಿನವರು ಹೇಳಿಬಿಟ್ಟಿದ್ದರು. ಹಾರ್ನ್ ಮೊಳಗಿತು, ಅಡ್ಡ ಹಾಯುವ ಸ್ಪರ್ಧಿಯ ಬೆನ್ನಿಗೇ ನಾವು ಹೊರಟೆವು. ವಾಮನರು ದೂರದ ಒಂದು ಗುರುತಿಗೆ ಕಣ್ಣು ನೆಟ್ಟು ಚುಕ್ಕಾಣಿ ಹಿಡಿದಿದ್ದರು. ಮೊದಲ ಹಾಯಿ ನನ್ನ ಹಿಂದೆ ಸುಯ್ಯೆಂದು ದಾಟಿತು, ಎರಡನೆಯದು, ಹತ್ತನೆಯದು. ಅವಸರದ ಒಬ್ಬ ನಮ್ಮ ಮೂತಿಯ ಕಡೆಗೇ ನುಗ್ಗಿ ಬಂದ. ವಾಮನರು ಕೂದಲೆಳೆಯಷ್ಟೂ ಕದಲಲಿಲ್ಲ. ಕೊನೇ ಗಳಿಗೆಯಲ್ಲಿ ಅವನೇ ತಿರುಗಿ ಹಿಂದಿನಿಂದ ಹೋದ.

ಒಂದು ಹಲಗೆ ಮಾತ್ರ ದೂರದಲ್ಲೇ ಉಳಿದಿತ್ತು. ಮಣಿಕಟ್ಟು ಕೂಡಿ ಮರಳಿದ ಮೆಲಿಟಾ. ನನ್ನ ಅಂಚನ್ನೇ ನೋಡುತ್ತಿದ್ದಳು. ಬಾಗಿಲು ಮುಚ್ಚಲು ಅರ್ಧ ನಿಮಿಷವೆಂದು ನನ್ನೊಳಗೆ ಕುಳಿತಿದ್ದ ರೇವತಿ ಗಡಿಯಾರ ನೋಡಿ ಹೇಳಿದರು.

ವಾಮನರು ಕತ್ತು ಹೊರಳಿಸಿ ಕರೆದರು. "ಬಾ ಮಗಾ, ಜಾಗ ಉಂಟು."

ಅವಳು ಹಾಯಿಯನ್ನು ಎಳೆದುಕೊಂಡಳು. ನನ್ನಿಂದ ಒಂದು ಮಾರು ದೂರದಲ್ಲಿ, ಯಾರನ್ನೂ ಮುಟ್ಟದೆ ದಾಟಿದಳು. ಆ ದಿನ ಒಮ್ಮೆಯೂ ಯಾರನ್ನೂ ವಾಪಸು ಕರೆಯಲಿಲ್ಲ. ಮೆಲಿಟಾ ಇಪ್ಪತ್ತೆರಡನೆಯವಳಾಗಿ ಮುಗಿಸಿದಳು. ದಡಕ್ಕೆ ಬಂದ ವಾಮನರು ನನ್ನ ಮೈಗೆ ಸಿಹಿನೀರು ಹೊಯ್ದು, ತೊಳೆದ ಜಾಗವನ್ನೇ ಮತ್ತೆ ಮತ್ತೆ ತೊಳೆದರು.

ಈಗ ನನ್ನ ತಳ ಬಿರುಕು ಬಿಟ್ಟಿದೆ. ಗಾಳಿಮರಗಳ ಕೆಳಗೆ ಕವುಚಿ ಹಾಕಿದ್ದಾರೆ. ಒದ್ದೆ ಬಟ್ಟೆಯವರು ನನ್ನ ಬೆನ್ನ ಮೇಲೆ ಕುಳಿತು ಒಣಗುತ್ತಾರೆ. ನನ್ನ ಕೆಲಸವನ್ನು ಹೊಸ ದೋಣಿ ಮಾಡುತ್ತಿದೆ, ಅದನ್ನು ನಡೆಸುವವರು ಇನ್ನೂ ವಾಮನರೇ. ಹೋದ ವಾರದ ಪಂದ್ಯದಲ್ಲಿ, ಎರಡು ಮರಗಳ ಸಂದಿನಲ್ಲಿ ಹಾಯಿಗಳು ಒಂದರ ಹಿಂದೊಂದು ಸರಿದುಹೋಗುವುದನ್ನು ಎಣಿಸುತ್ತಿದ್ದೆ. ತೊಂಬತ್ತರ ಆಚೆ ಲೆಕ್ಕ ತಪ್ಪಿತು. ತುಂಬ ತಡವಾಗಿ, ಒಂಟಿಯಾಗಿ ಒಂದು ಹಳದಿ ಹಾಯಿ ಬಂತು. ಅದಕ್ಕೂ ಬಾಗಿಲು ತೆರೆದೇ ಇತ್ತು.