ಮೂವರು ಕೂರುವ ಸೋಫಾ

"ಏ ಮುಂಡೇ, ಗೋಡೆ ಬಿಟ್ಟು ನಿಲ್ಲು! ಬಣ್ಣ ಹೊಡೆಸಿದ್ದು ನಿಮ್ಮಪ್ಪನಾ?"

ಬೈಸಿಕೊಂಡದ್ದು ಅಕ್ಕ. ಆದರೂ ನನ್ನ ಬೆನ್ನು ತಾನಾಗಿಯೇ ಗೋಡೆ ಬಿಟ್ಟಿತು. ಮಾಲೀಕರು ಗಾಜಿನ ಕೋಣೆಯೊಳಗಿನ ತಿರುಗುವ ಕುರ್ಚಿಗೆ ಮರಳಿದರು.

ನಮ್ಮದು ಸೋಫಾ ಅಂಗಡಿ. ಎರಡು ಮಹಡಿ ತುಂಬ ಕೂರುವ ಸಾಮಾನು. ಮಾರುವ ನಾವು ಮಾತ್ರ ಬೆಳಿಗ್ಗೆ ಷಟರ್ ಎತ್ತಿದಾಗಿನಿಂದ ರಾತ್ರಿ ಇಳಿಸುವವರೆಗೆ ನಿಂತಿರಬೇಕು. ಊಟವೂ ಮೆಟ್ಟಿಲ ಸಂದಿಯಲ್ಲಿ, ನಿಂತೇ. ಡಿಗ್ರಿ ಮುಗಿಸಿ ಇಲ್ಲಿ ಸೇರಿದ ಮೇಲೆ ನನಗೂ ಅದೇ ರೂಢಿ. ಮೊನ್ನೆ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತಿದ್ದೆ. ಕಂಡಕ್ಟರ್ "ಯಾಕಮ್ಮ, ಮೂಲವ್ಯಾಧಿನಾ?" ಎಂದಾಗ ಬಸ್ಸಿಗೆ ಬಸ್ಸೇ ನಕ್ಕಿತು.

ಅಕ್ಕ ಒಡಹುಟ್ಟಿದವಳಲ್ಲ, ಕೆಲಸ ಕಲಿಸಿದವಳು. ಅವಳ ಮೀನಖಂಡದಲ್ಲಿ ನೀಲಿ ನರಗಳು ಎರೆಹುಳದಂತೆ ಗಂಟುಗಂಟಾಗಿ ಎದ್ದಿವೆ. ಇಬ್ಬರು ಮಕ್ಕಳ ಊಟ ಆ ಕಾಲುಗಳ ಮೇಲೆಯೇ ನಿಂತಿದೆ. ಹೀಗೇ ನಿಂತರೆ ಹುಣ್ಣಾಗುತ್ತದೆ, ಆಗಾಗ ಕೂರಲೇಬೇಕು ಎಂದು ಡಾಕ್ಟರು ಹೇಳಿದ ಮೇಲೆ ಮನೆಯಿಂದ ಪ್ಲಾಸ್ಟಿಕ್ ಸ್ಟೂಲು ತಂದಿದ್ದಳು. ಮಾಲೀಕರು ಅದನ್ನು ಬೀದಿಗೆಸೆದರು. "ಕೂರೋ ಆಸೆಯಿದ್ರೆ ಮನೇಲಿ ಕೂತ್ಕೋ. ಖಾಯಮ್ಮಾಗಿ."

ಮಧ್ಯಾಹ್ನ ಇಬ್ಬರು ಗಂಡಸರು ಬಂದರು, ಭಾವ ಮತ್ತು ಭಾಮೈದ. ಬರುವಾಗಲೇ ವಾದ ನಡೆದಿತ್ತು. ಕಿಟಕಿ ಪಕ್ಕದ ಮೂವರು ಕೂರುವ ಸೋಫಾದಲ್ಲಿ ಒರಗಿ ಮುಂದುವರಿಸಿದರು.

"ಶ್ರೀಮಂತರ ಹತ್ರ ತೆರಿಗೆ ಕಿತ್ತು ಬಡವರಿಗೆ ಹಂಚಿ ಅಂತೀರಲ್ಲ ಭಾವ, ಆಮೇಲೆ ಯಾರು ದುಡೀತಾರೆ? ಎಲ್ಲಾ ಕೂತು ತಿಂತಾರೆ ಅಷ್ಟೇ."

"ಈಗ ತಿಂತಿರೋರೇನು ನಿಂತ್ಕೊಂಡು ತಿಂತಿದಾರೇನೋ? ಒಬ್ಬನ ಹತ್ರ ಊರಿಗಾಗೋಷ್ಟಿದೆ, ಊರಿನ ಹತ್ರ ಒಬ್ಬನಿಗೂ ಸಾಲದಷ್ಟಿದೆ. ನ್ಯಾಯವೇನೋ ಇದು?"

ಭಾವನ ಮಾತು ನನಗೆ ಹಿಡಿಸಿತು. ಕಾಲೇಜಿನಲ್ಲಿ ನಾನೂ ಇಂಥದ್ದನ್ನೇ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಅಕ್ಕ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿ ನನ್ನ ಕಿವಿಯಲ್ಲಿ, "ಇವರು ಹಂಚೋಷ್ಟೊತ್ತಿಗೆ ನನ್ನ ಹೆಣ ಬಿದ್ದಿರುತ್ತೆ ಬಿಡೇ" ಎಂದಳು.

ಭಾವ ಅವಳತ್ತ ತಿರುಗಿದರು. ದನಿ ಮೆತ್ತಗಿತ್ತು. "ನಮ್ಮ ತಾಯಿಗೆ ಮಂಡಿನೋವಮ್ಮ. ಇದರಲ್ಲಿ ಕೂತು ಏಳೋದು ಕಷ್ಟ ಆಗುತ್ತಾ?"

ಇಂಥ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿದೆ: ಹೂವಿನ ಮೇಲೆ ಕೂತ ಹಾಗಿರುತ್ತೆ ಸಾರ್. ಅದನ್ನು ನನಗೆ ಬಾಯಿಪಾಠ ಮಾಡಿಸಿದವಳೇ ಅಕ್ಕ. ಇವತ್ತು ಅವಳ ಬಾಯಿಗೆ ಅದು ಬರಲಿಲ್ಲ.

"ಗೊತ್ತಿಲ್ಲ ಸಾರ್. ಒಂದಿನಾನೂ ಕೂತಿಲ್ಲ." "ಕೂತು ನೋಡಿ ಹೇಳ್ತೀನಿ. ಒಂಚೂರು ಏಳಿ."

ಇಬ್ಬರೂ ಗಡಬಡಿಸಿ ಎದ್ದರು. ಮೂಟೆ ಇಳಿಸುವ ಹಾಗೆ ಅಕ್ಕ ತನ್ನನ್ನು ತಾನೇ ಇಳಿಸಿದಳು.

ಗಾಜಿನ ಬಾಗಿಲು ಧಡಾರೆಂದಿತು. "ಗಿರಾಕಿ ಮುಂದೆ ಕೂರ್ತೀಯಾ? ಏಳೇ ಲೌಡಿ!"

"ಅವರೇ ಕೇಳಿದ್ರು. ನೋಡ್ತಾ ಇದೀನಿ."

"ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!"

"ಆಯ್ತು. ಮಂಡಿ ಇನ್ನೂ ಏನೂ ಹೇಳಿಲ್ಲ, ತಡೀರಿ."

ನಾನು ಭಾವನ ಮುಖ ನೋಡಿದೆ. ಒಂದು ಮಾತು ಆಡುತ್ತಾರೆಂದು ಕಾದೆ. ಆಡಿದರು, ಮಾಲೀಕರ ಹತ್ತಿರ ಸರಿದು, ತಗ್ಗಿದ ದನಿಯಲ್ಲಿ.

"ಮನೆಗೆ ಕಳಿಸೋವಾಗ ಗೋಡೌನಿಂದ ಬೇರೆ ಪೀಸ್ ಕಳಿಸ್ತೀರಲ್ವಾ? ಇದು ಬೇಡ."

ನಾನು ಹೋಗಿ ಅಕ್ಕನ ಪಕ್ಕ ಕೂತೆ. ಹೂವೇನಲ್ಲ, ಒಳಗಿನ ಸ್ಪ್ರಿಂಗು ತೊಡೆಗೆ ಒತ್ತುತ್ತಿತ್ತು. ಮಾಲೀಕರು ಬೈಯುತ್ತಲೇ ಇದ್ದರು. ನನ್ನ ಅಪ್ಪ, ಅಮ್ಮ, ಡಿಗ್ರಿ, ಎಲ್ಲವೂ ಅದರಲ್ಲಿ ಬಂದುಹೋದವು. ಮೂವರು ಗಂಡಸರೂ ನಿಂತಿದ್ದರು.

ಅಕ್ಕ ಕಣ್ಣು ಮುಚ್ಚಿಕೊಂಡೇ ನನ್ನ ತೋಳು ತಿವಿದಳು.

"ಸ್ವಲ್ಪ ಆಕಡೆ ಸರಿಯೇ. ಕಾಲು ಚಾಚ್ಬೇಕು."