ಕುಮಟೆ ಮೇಸ್ತ್ರಿ

ಮುಳ್ಳು ಮುರಿದು ಒಳಗೇ ಉಳಿಯಿತು.

ಮಂಜಿ ಆ ಹಿತ್ತಾಳೆಯ ತುಂಡನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ಗೇರುಬೀಜದ ಅರ್ಧದಷ್ಟೂ ಇಲ್ಲದ ವಸ್ತು, ನಡುವೆ ಸೂಜಿ ತೂರುವಷ್ಟು ತೂತು. ಅದರ ಹೆಸರು ಜೆಟ್ಟು, ಇಂಜಿನ್ನಿಗೆ ಹೋಗುವ ಪೆಟ್ರೋಲೆಲ್ಲ ಈ ತೂತಿನಿಂದಲೇ ಹೋಗಬೇಕು ಎಂದು ಗಂಡ ದುರ್ಗಪ್ಪ ಆಗಷ್ಟೇ ಹೇಳಿಕೊಟ್ಟಿದ್ದ. ಕಸ ಕಟ್ಟಿದರೆ ತಂತಿ ಮಾತ್ರ ತೂರಿಸಬೇಡ, ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾದರೆ ಕೆಲಸ ಕೆಟ್ಟಿತು ಎಂದೂ ಹೇಳಿದ್ದ. ತಂತಿ ಬೇಡ ಅಂದನೇ ಹೊರತು ಮೀನಿನ ಮುಳ್ಳು ಬೇಡ ಅಂದಿರಲಿಲ್ಲವಲ್ಲ! ಮಧ್ಯಾಹ್ನ ತಿಂದ ಬಂಗಡೆಯ ಸಪೂರ ಮುಳ್ಳೊಂದನ್ನು ತೊಳೆದು, ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡು, ಮಂಜಿ ಅದನ್ನು ತೂರಿಸಿದ್ದಳು.

"ಎಂತ ಆತೆ?" ಮಾಡಿನ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದ ದುರ್ಗಪ್ಪ ಕೇಳಿದ.

"ಎಂತ ಇಲ್ಲ."

"ಎಂತ ಇಲ್ಲ ಅಂದ್ರೆ ಎಂತೋ ಅದೆ. ತಾ ಇಲ್ಲಿ."

ಅವನು ಜೆಟ್ಟನ್ನು ಎಡಗೈಯಲ್ಲಿ ಹಿಡಿದು ನೋಡಿದ. ಆಮೇಲೆ ಹೆಂಡತಿಯ ಬೆರಳಲ್ಲಿದ್ದ ಅರ್ಧ ಮುಳ್ಳನ್ನು ನೋಡಿದ. ಆಮೇಲೆ ಅವನ ಬಾಯಿ ತೆರೆದುಕೊಂಡದ್ದು ಬಂದರು ಕೇರಿಯ ಕೊನೇ ಮನೆಗೂ ಕೇಳಿಸಿತು.

"ಕಾರಂದ್ರೆ ಒಲೆ ಮೇಲಿನ ಬಂಗಡೆ ಪಳದಿ ಮಾಡ್ಕಂಡ್ಯೇನೆ ಮಾರಾಯ್ತಿ! ನಿನ್ನ ಕೈಗೆ ಕೊಟ್ಟ ನಂಗೆ ಹೊಡೀಬೇಕು!"

ಮಂಜಿ ತಲೆ ತಗ್ಗಿಸಿ ನಿಂತಳು. ಬೈಗುಳಕ್ಕಲ್ಲ, ನಗು ತಡೆಯಲು.

ಬೈಯುವುದನ್ನು ಬಿಟ್ಟರೆ ಆ ದಿನಗಳಲ್ಲಿ ದುರ್ಗಪ್ಪನಿಗೆ ಬೇರೆ ಏನೂ ಮಾಡಲು ಬರುತ್ತಿರಲಿಲ್ಲ ಪಾಪ. ತುರ್ತು ಪರಿಸ್ಥಿತಿ ಮುಗಿದ ಮರುವರ್ಷ, ಮಳೆ ಹಿಡಿಯುವ ಮೊದಲು, ಇಂಜಿನ್ನಿನ ಸದ್ದು ಯಾಕೋ ಸರಿಯಿಲ್ಲವೆಂದು ಬಾನೆಟ್ ಎತ್ತಿ ಬಗ್ಗಿದವನ ಬಲಗೈ ತಿರುಗುವ ಫ್ಯಾನಿಗೆ ಸಿಕ್ಕಿತ್ತು. ಜೀವ ಉಳಿಯಿತು, ಕೈಯೂ ಉಳಿಯಿತು, ಆದರೆ ಹೆಬ್ಬೆರಳು ತೋರುಬೆರಳು ಎರಡೂ ಕೊರಡಿನಂತೆ ಸೆಟೆದುಕೊಂಡವು. ಅಂಗೈ ಒತ್ತಿ ಸ್ಟಿಯರಿಂಗ್ ತಿರುಗಿಸಬಹುದು. ಪಾನಾ ಹಿಡಿಯಲಾಗದು, ನಟ್ಟು ಕೂರಿಸಲಾಗದು. ಹೊನ್ನಾವರದ ಸ್ಟ್ಯಾಂಡಿನಲ್ಲಿ ಯಾರ ಕಾರು ಕೆಮ್ಮಿದರೂ ಮೊದಲು ಬಾನೆಟ್ ಎತ್ತುತ್ತಿದ್ದವನು ದುರ್ಗಪ್ಪ. ಅಂಥವನು ತನ್ನ ಕಾರನ್ನು ಇನ್ನೊಬ್ಬನ ಗ್ಯಾರೇಜಿಗೆ ನೂಕಿಸಿಕೊಂಡು ಹೋಗುವುದೆಂದರೆ! ಕರಿ ಮೈಯ, ಹಳದಿ ತಲೆಯ ಆ ಟ್ಯಾಕ್ಸಿ ಮಳೆಗಾಲವಿಡೀ ತೆಂಗಿನ ಗರಿ ಹೆಣೆದ ಮಡ್ಲಿನ ಚಪ್ಪರದಡಿ ಮಂಕಾಗಿ ನಿಂತಿತ್ತು. ಅವನು ಅದರ ಎದುರು ಮಂಕಾಗಿ ಕೂತಿದ್ದ.

ಮಂಜಿಗೆ ನೋಡಿ ನೋಡಿ ಸಾಕಾಯಿತು. "ಹೆಂಗೆ ಬಿಚ್ಚೂದು ಹೇಳಿ, ನಾ ಬಿಚ್ತೆ," ಅಂದಳು ಮಳೆ ಬಿಟ್ಟ ಮೇಲೆ ಒಂದು ದಿನ.

ಅವನು ನಕ್ಕ. ಆಮೇಲೆ ತನಗೇ ಸಮಾಧಾನ ಹೇಳಿಕೊಳ್ಳುವಂತೆ, "ನಿನ್ನ ಕೈ ಎಂತ, ನನ್ನ ಕೈ ಎಂತ. ಮನೇದೇ ಅಲ್ದಾ," ಅಂದ.

ಹಾಗೆ ಶುರುವಾಯಿತು ಕಲಿಕೆ. ಯಾವ ಕಡೆ ತಿರುಗಿಸಿದರೆ ನಟ್ಟು ಸಡಿಲ, ಯಾವ ಕಡೆ ಬಿಗಿ ಎಂಬಲ್ಲಿಂದ. ಬಿಚ್ಚಿದ್ದನ್ನೆಲ್ಲ ದುರ್ಗಪ್ಪ ಡಬ್ಬಿಗೆ ಹಾಕು ಅಂದರೆ ಮಂಜಿ ಕೇಳಲಿಲ್ಲ. ಮೀನು ಒಣಗಿಸುವ ಚಾಪೆ ತಂದು ಹಾಸಿ, ಮೊದಲು ಬಿಚ್ಚಿದ್ದು ಈ ತುದಿಗೆ, ಕೊನೆಗೆ ಬಿಚ್ಚಿದ್ದು ಆ ತುದಿಗೆ, ಸಾಲಾಗಿ ಹರಡಿದಳು. ವಾಪಸು ಕಟ್ಟುವಾಗ ಆ ತುದಿಯಿಂದ ಎತ್ತುತ್ತ ಬಂದರಾಯಿತು, ಇದರಲ್ಲಿ ಎಂಥ ವಿದ್ಯೆ? ಮೊದಲ ದಿನವೇ ಕಾಗೆಯೊಂದು ಹೊಳೆಯುವ ವಾಷರು ಕಚ್ಚಿಕೊಂಡು ಹಾರಿ ತೆಂಗಿನ ಮರದಲ್ಲಿ ಕೂತು ಇವಳನ್ನೇ ನೋಡಿತು. ಮಂಜಿ ಕಲ್ಲು ಬೀಸಿ ವಾಷರು ಬಿಡಿಸಿಕೊಂಡು, ಒಳಗಿನಿಂದ ಹರಕು ಬಲೆ ತಂದು ಇಂಜಿನ್ನಿನ ಸಾಮಾನಿನ ಮೇಲೆ ಹೊದಿಸಿದಳು. ಬಲೆಯಡಿ ವಾಲ್ವು, ಸ್ಪ್ರಿಂಗು, ನಟ್ಟು ಎಲ್ಲ ತಾರ್ಲೆ ಮೀನಿನಂತೆ ಬಿಸಿಲು ಕಾಯುತ್ತಿದ್ದವು.

ವಾಲ್ವು ಉಜ್ಜುವ ಕೆಲಸ ಅವಳಿಗೆ ಬಲು ಇಷ್ಟವಾಯಿತು. ವಾಲ್ವಿಗೆ ಕಚ್ಚಿಸಿದ ಕೋಲನ್ನು ಎರಡು ಅಂಗೈ ನಡುವೆ ಹಿಡಿದು ಕಡೆಗೋಲಿನಂತೆ ಸರ್ರಸರ್ರ ತಿರುಗಿಸುವುದು. ಮೊದಮೊದಲು ಗರಗರ ಅನ್ನುವ ಸದ್ದು, ಉಜ್ಜುತ್ತ ಉಜ್ಜುತ್ತ ನುಣ್ಣಗಾಗಿ ಸುಮ್ಮನಾಗುತ್ತದೆ. "ಸಾಕು," ಎಂದು ದುರ್ಗಪ್ಪ ಹೇಳುವ ಮೊದಲೇ ಅವಳ ಕೈ ನಿಲ್ಲುತ್ತಿತ್ತು. ಅವನು ಅದನ್ನು ಗಮನಿಸಿದ.

ಇನ್ನು ಆ ಮುಳ್ಳು. ಊದಿದರೆ ಹೋಗಲಿಲ್ಲ, ಪೆಟ್ರೋಲಿನಲ್ಲಿ ನೆನೆಸಿದರೆ ಹೋಗಲಿಲ್ಲ. ಬೈದು ಬೈದು ದಣಿದ ದುರ್ಗಪ್ಪ ಕೊನೆಗೆ, "ಕೂದಲು ಬೇಕು. ಉದ್ದ ಕೂದಲು," ಅಂದ.

"ನಿಮ್ಮದು ಕೀಳಿ."

ಅವನು ತನ್ನ ಬೋಳುತಲೆ ಸವರಿಕೊಂಡ. ಇಬ್ಬರಿಗೂ ನಗು ಬಂತು. ಅವಳು ತಲೆ ಬಗ್ಗಿಸಿದಳು, ಅವನು ಎಡಗೈಯಲ್ಲಿ ಒಂದು ಕೂದಲು ಆರಿಸಿ ಕಿತ್ತುಕೊಟ್ಟ. ಅದನ್ನು ಮಡಚಿ ಹೊಸೆದು ಹಿಂದೆ ಮುಂದೆ ಆಡಿಸಿದ ಮೇಲೆ ಮುಳ್ಳಿನ ಚೂರು ಸರಿದು ಬಿತ್ತು.

ಕಾರು ಸ್ಟಾರ್ಟ್ ಆದ ದಿನ ಮಂಜಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತೇ ಇದ್ದಳು. ತಾನು ಬಿಚ್ಚಿದ್ದು, ತಾನು ತೊಳೆದದ್ದು, ತಾನು ಕಟ್ಟಿದ್ದು ಒಳಗೆ ಗುರುಗುರು ಓಡುತ್ತಿದೆ! ಎದೆ ತುಂಬಿ ಬಂತು ಅವಳಿಗೆ. ಮದುವೆಯಾಗಿ ಬಂದಂದಿನಿಂದ ಎಷ್ಟು ಬುಟ್ಟಿ ಮೀನು ಮಾರಿದ್ದಾಳೋ. ಮಾರಿದ್ದು ಬೇರೆಯವರ ಹೊಟ್ಟೆಗೆ ಹೋಗಿ ಮುಗಿಯುತ್ತದೆ. ಇದು ಹಾಗಲ್ಲ, ಇದು ನಾಳೆಯೂ ಓಡುತ್ತದೆ. ಮೀನುಪೇಟೆಯಲ್ಲಿ ನಾಳೆ ಹೇಳಬೇಕು, ಎಲ್ಲರೂ ಮೂಗಿನ ಮೇಲೆ ಬೆರಳಿಡಬೇಕು ಎಂದುಕೊಂಡಳು.

ಹೇಳುವ ಭಾಗ್ಯ ಬರಲಿಲ್ಲ. ಮರುದಿನ ಬುಟ್ಟಿ ಹೊತ್ತು ಸ್ಟ್ಯಾಂಡಿನ ಮುಂದೆ ಹಾಯುವಾಗ ಡ್ರೈವರುಗಳೆಲ್ಲ ದುರ್ಗಪ್ಪನ ಕಾರನ್ನು ಸುತ್ತುವರಿದು ನಿಂತಿದ್ದರು. ಎಲ್ಲರಿಗಿಂತ ಮುಂದೆ ಚೌಡ. ದುರ್ಗಪ್ಪನ ಕಾರಿನ ಪಕ್ಕದಲ್ಲೇ ಅವನ ಕಾರು ನಿಲ್ಲುವುದು, ದುರ್ಗಪ್ಪನಿಗೆ ಬಾಡಿಗೆ ಸಿಕ್ಕರೆ ಅವನಿಗೆ ಹೊಟ್ಟೆಯುರಿ.

"ಇಂಜಿನ್ ಎಂತ ಚಲೋ ಓಡ್ತದ್ಯೋ ದುರ್ಗಪ್ಪ! ಯಾರ್ ಮಾಡ್ದದ್ದು?"

"ಕುಮಟೆಯಿಂದ ಒಬ್ಬ ಮೇಸ್ತ್ರಿ ಬಂದಿದ್ದ," ಅಂದ ದುರ್ಗಪ್ಪ.

ಮಂಜಿಯ ಹೆಜ್ಜೆ ಒಂದು ಗಳಿಗೆ ನಿಂತಿತು. ಬುಟ್ಟಿಯಿಂದ ಇಳಿದ ಮೀನಿನ ನೀರು ಕೆನ್ನೆಯ ಮೇಲೆ ಹರಿಯಿತು. ಒರೆಸಿಕೊಂಡು ಮುಂದೆ ನಡೆದಳು.

ಅಂದು ಬಡಿಸುವಾಗ ಅವಳು ಮೂರು ತಟ್ಟೆ ಇಟ್ಟಳು.

"ಇದ್ಯಾರಿಗೆ?"

"ಕುಮಟೆ ಮೇಸ್ತ್ರಿಗೆ. ಅಷ್ಟು ದೂರದಿಂದ ಬಂದು ದುಡ್ದಾನೆ, ಪಾಪ, ಊಟ ಬ್ಯಾಡ್ವಾ?"

ದುರ್ಗಪ್ಪ ಅನ್ನ ಕಲಸುವುದನ್ನು ಬಿಟ್ಟ. "ಹೆಂಗ್ಸು ಕಟ್ಟಿದ ಇಂಜಿನ್ ಹೇಳಿ ಗೊತ್ತಾದ್ರೆ ಯಾರೇ ಹತ್ತೂದು ಆ ಕಾರಿಗೆ? ಬಾಡಿಗೆ ಹೋತು ಅಂತ್ಲೇ ತಿಳ್ಕಾ. ನಿನ್ನ ಕೈ ಅಂದ್ರೆ ನನ್ನ ಕೈಯೇ ಅಲ್ದಾ?"

ಚಪ್ಪರದಡಿ ಕೇಳಿದಾಗ ಸಿಹಿಯಾಗಿದ್ದ ಆ ಮಾತೇ ಈಗ ಗಂಟಲಲ್ಲಿ ಮುಳ್ಳಾಯಿತು. ನನ್ನ ಕೈ ನಿಮ್ಮ ಕೈಯಾದರೆ ನನಗೆ ಉಳಿದದ್ದೆಂತ? ಅಂದುಕೊಂಡಳು.

ಮೇಸ್ತ್ರಿಯಂತೂ ದಿನದಿನಕ್ಕೆ ಬೆಳೆದ. ಒಂದು ವಾರ ಅವನಿಗೆ ಚಿನ್ನದ ಹಲ್ಲು ಬಂತು, ಇನ್ನೊಂದು ವಾರ ಬೊಂಬಾಯಿಯಲ್ಲಿ ದೊಡ್ಡ ದೊಡ್ಡ ಸಾಹುಕಾರರ ಕಾರು ಬಿಚ್ಚಿ ಬಂದ. ಚೌಡ ತನ್ನ ಕಾರಿಗೂ ಅವನೇ ಬೇಕೆಂದು ದುಂಬಾಲು ಬಿದ್ದರೆ, "ಅಂವ ಹಂಗೆಲ್ಲ ಸಿಕ್ಕೂ ಜನ ಅಲ್ಲ," ಎಂದು ದುರ್ಗಪ್ಪ ಮೀಸೆ ಸವರಿಕೊಳ್ಳುತ್ತಿದ್ದ. ಮಂಜಿ ಮಾತ್ರ ವಾರಕ್ಕೊಮ್ಮೆ ಬಾನೆಟ್ ಎತ್ತಿ, ಚಾಪೆ ಹಾಸಿ, ಬಲೆ ಹೊದಿಸಿ, ಆ ಬೊಂಬಾಯಿಯವನ ಕೆಲಸವನ್ನೆಲ್ಲ ತಾನೇ ಮಾಡುತ್ತಿದ್ದಳು. ಬೈಗುಳ ಕಡಿಮೆಯಾಗಿತ್ತು, ಬೈಯಲು ಅವನಿಗೆ ಏನೂ ಸಿಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಕೇರಿಯ ಸುಕ್ರಿಯ ಮಗ ಈರನ ಮದುವೆ ಬಂತು. ಹೆಣ್ಣಿನ ಮನೆ ಕುಮಟೆಯಲ್ಲಿ. ಮದುಮಗನಿಗೆ ಯಾರ ಕಾರು ಎಂಬ ಪ್ರಶ್ನೆಯೇ ಇರಲಿಲ್ಲ, ದುರ್ಗಪ್ಪನದೇ. ಹಿಂದೆ ಬರುವ ಚೌಡನ ಕಾರಿನಲ್ಲಿ ಸುಕ್ರಿ, ಮಂಜಿ, ಮತ್ತೆ ಹೆಂಗಸರು. ಮಂಜಿ ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದಿದ್ದಳು. ಸುಣ್ಣ, ಹುಣಸೆಹಣ್ಣು ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಕರಿ ಹೋಗಿರಲಿಲ್ಲ. ಅದನ್ನು ಸೆರಗಿನಡಿ ಮುಚ್ಚಿಕೊಂಡಿದ್ದಳು.

ಧಾರೇಶ್ವರ ದಾಟಿದ ಮೇಲೆ ಮುಂದಿನ ಕಾರು ಕೆಮ್ಮುವುದು ಅವಳ ಕಿವಿಗೆ ಬಿತ್ತು. ಉಳಿದವರು ಹಾಡು ಹೇಳುತ್ತಿದ್ದರು, ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಕೆಮ್ಮಿತು. ಪೆಟ್ರೋಲು ಸಾಲುತ್ತಿಲ್ಲ, ಅಂದುಕೊಂಡಳು ಮಂಜಿ. ಏರಿನ ನಡುವೆ ಕಾರು ಎಗರಿ ಎಗರಿ ನಿಂತೇಬಿಟ್ಟಿತು.

ದುರ್ಗಪ್ಪ ಇಳಿದು ಬಾನೆಟ್ ಎತ್ತಿದ. ಬಿಸಿಲು ಸುಡುತ್ತಿತ್ತು. ಪಾನಾ ಎಡಗೈಯಲ್ಲಿ ಹಿಡಿದು ಬಲಗೈಯ ಕೊರಡು ಬೆರಳುಗಳಿಂದ ಒತ್ತಿದ. ಠಣ್ಣನೆ ಜಾರಿ ರಸ್ತೆಗೆ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಆ ಸದ್ದಿಗೆ ಮಂಜಿ ಸೀಟಿನ ತುದಿಗೆ ಸರಿದಳು. ಇಳಿದು ಓಡಿಹೋಗಲೇ? ಅವಳ ಕೈ ಬಾಗಿಲ ತನಕ ಹೋಯಿತು. ಹೋಗಿ ವಾಪಸು ಮಡಿಲಿಗೆ ಬಂತು. ಅವನು ಕರೆಯದೆ ತಾನಾಗಿ ಹೋದರೆ ಇದನ್ನೂ ಮೇಸ್ತ್ರಿ ಹೇಳಿಕೊಟ್ಟದ್ದೆಂದೇ ಹೇಳಿಯಾನು.

"ಹೊತ್ತು ಮೀರ್ತದೆ," ಚೌಡ ಇಳಿದು ಹೋಗಿ ಅಂದ. "ಮದ್ಮಗನ್ನ ನನ್ನ ಕಾರಿಗೆ ಹತ್ಸು."

"ಅಯ್ಯೋ ಬ್ಯಾಡ!" ಸುಕ್ರಿ ಕಾರೊಳಗಿಂದಲೇ ಕೂಗಿದಳು. "ದಿಬ್ಬಣ ಹೊರಟ ಮೇಲೆ ಮದ್ಮಗ ನಡುದಾರೀಲಿ ಇಳೂದಾ? ನಂಗೆ ಒಬ್ಬನೇ ಮಗ ಮಾರಾಯ!"

ಚೌಡ ಸೊಂಟದ ಮೇಲೆ ಕೈ ಇಟ್ಟು ನಿಂತ. ಅವನ ಮುಖದಲ್ಲಿ ನಗು ಆಡುತ್ತಿತ್ತು. "ಕುಮಟೆ ಇಲ್ಲೇ ಹತ್ರ ಅಲ್ದಾ. ನಿನ್ನ ಮೇಸ್ತ್ರಿ ಮನೆ ಎಲ್ಲಿ ಹೇಳು. ಈಗಿಂದೀಗ ಹೋಗಿ ಕರ್ಕಂಡು ಬತ್ತೆ."

ದುರ್ಗಪ್ಪ ಬೆವರು ಒರೆಸಿಕೊಂಡ. ಕಾರೊಳಗೆ ಬಾಸಿಂಗ ಕಟ್ಟಿಕೊಂಡು ಕೂತ ಈರನನ್ನು ನೋಡಿದ, ಕೈಯಲ್ಲಿದ್ದ ಪಾನಾ ನೋಡಿದ. ಆಮೇಲೆ ಹಿಂದಿನ ಕಾರಿನ ಕಡೆ ನಡೆದು ಬಂದು ಮಂಜಿಯ ಕಿಟಕಿಯ ಹತ್ತಿರ ನಿಂತ.

"ಮಂಜಿ, ಇಳಿ."

"ಎಂತಕ್ಕೆ?"

"ಕಾರ್ ನೋಡು ಬಾ."

ಮಂಜಿ ಅವನ ಮುಖವನ್ನೇ ನೋಡಿದಳು. "ಕುಮಟೆ ಮೇಸ್ತ್ರಿನ ಕರೂದಿಲ್ವಾ?" ಅಂದಳು ಮೆಲ್ಲಗೆ. ಕುಟುಕಬೇಕೆಂದೇ ಅಂದದ್ದು.

ದುರ್ಗಪ್ಪ ತಿರುಗಿ, ಬಂಗಡೆ ಮುಳ್ಳಿನ ದಿನ ಕೂಗಿದ್ದನಲ್ಲ, ಅದೇ ಗಂಟಲಲ್ಲಿ ಹೇಳಿದ. "ಕೇಳ್ರೋ! ಕುಮಟೆ ಮೇಸ್ತ್ರಿ ಹೇಳೂವ ಯಾರೂ ಇಲ್ಲ. ಹುಟ್ಲೇ ಇಲ್ಲ ಅಂವ. ಇಂಜಿನ್ ಬಿಚ್ಚಿದ್ದು ಇವ್ಳು, ಕಟ್ಟಿದ್ದೂ ಇವ್ಳು. ನಾ ಸ್ಟೂಲ್ ಮೇಲೆ ಕೂತ್ಕಂಡು ಬೈದದ್ದು, ಅಷ್ಟೇಯ!"

ಚೌಡನ ಕೈ ಸೊಂಟದಿಂದ ಜಾರಿತು. ಮಂಜಿ ಬಾಗಿಲು ತೆರೆದು ಇಳಿದಳು, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದಳು.

"ಸಾಮಾನು ಇಡೂಕೆ ಎಂತಾದ್ರೂ ಕೊಡಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ಸುಕ್ರಿಗೆ ಏನನ್ನಿಸಿತೋ, ಮಡಿಲಲ್ಲಿದ್ದ ಹರಿವಾಣದ ವೀಳ್ಯದೆಲೆ ಅಡಿಕೆಯನ್ನೆಲ್ಲ ಸೀರೆಯ ಸೆರಗಿಗೆ ಸುರಿದುಕೊಂಡು ಖಾಲಿ ಹರಿವಾಣ ಚಾಚಿದಳು. "ತಕಾ. ಬೇಗ ಮಾಡೆ ನನ್ನವ್ವ."

ಮಂಜಿ ಜೆಟ್ಟು ಕೂರುವ ಕಾರ್ಬರೇಟರ್ ಬಿಚ್ಚಿದಳು. ಮೊದಲನೆಯದು ಹರಿವಾಣದ ಈ ತುದಿಗೆ, ಕೊನೆಯದು ಆ ತುದಿಗೆ. ಜೆಟ್ಟನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದಳು. ಕತ್ತಲೆ. ಮಳೆಗಾಲವಿಡೀ ಉಪ್ಪುಗಾಳಿಗೆ ನಿಂತ ಟಾಂಕಿಯ ತುಕ್ಕು ಬಂದು ಕಚ್ಚಿಕೊಂಡಿತ್ತು. ತುಟಿಗಿಟ್ಟು ಊದಿದಳು, ಹೋಗಲಿಲ್ಲ. ಕೈ ತಾನಾಗಿ ತಲೆಗೆ ಹೋಯಿತು.

"ಮುಳ್ಳು ಬ್ಯಾಡ್ವೇನೆ?" ಪಕ್ಕದಲ್ಲಿ ದುರ್ಗಪ್ಪ ಪಿಸುಗುಟ್ಟಿದ.

ಮಂಜಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮಲ್ಲಿಗೆಯ ಬುಡದಿಂದ ಒಂದು ಕೂದಲು ಕಿತ್ತಳು, ಹೊಸೆದಳು, ತೂರಿಸಿ ಎಳೆದಳು. ಮತ್ತೆ ಊದಿ ಆಕಾಶಕ್ಕೆ ಹಿಡಿದಾಗ ಆ ತೂತಿನಲ್ಲಿ ಬೆಳಕಿತ್ತು.

ವಾಪಸು ಕಟ್ಟುವಾಗ ದುರ್ಗಪ್ಪ, "ಆ ನಟ್ಟು ಮೊದ್ಲು..." ಎಂದು ಶುರುಮಾಡಿ, ಮಾತು ನುಂಗಿಕೊಂಡ. ಹೋಗಿ ಸೀಟಿನಲ್ಲಿ ಕೂತು ಅವಳ ಸನ್ನೆಗೆ ಕಾದ. ಅವಳು ತಲೆಯಾಡಿಸಿದಳು. ಇಂಜಿನ್ನು ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹಾಯಾಗಿ ಓಡತೊಡಗಿತು. ಒಳಗಿನಿಂದ ಈರ ಬಾಸಿಂಗ ಹಿಡಿದುಕೊಂಡು ಕೇಕೆ ಹಾಕಿದ.

"ಹೋಯ್ ಮಂಜಕ್ಕ," ಚೌಡ ತಲೆ ತುರಿಸಿಕೊಳ್ಳುತ್ತ ಬಂದ, "ನನ್ನ ಕಾರಿಂದೂ ಒಂದ್ಸಲ ನೋಡ್ತ್ಯಾ?"

ಉತ್ತರ ಕೊಟ್ಟವನು ದುರ್ಗಪ್ಪ. "ಮನೆಗೆ ಬಂದು ಕೇಳು. ಅವ್ಳಿಗೆ ಪುರಸೊತ್ತು ಅದ್ಯೋ ಇಲ್ವೋ."

ಮಂಜಿ ಹಿಂದಿನ ಕಾರಿನ ಕಡೆ ತಿರುಗಿದಳು. "ಅತ್ಲಾಗೆ ಎಲ್ಲಿಗೆ?" ಅಂದ ಅವನು, ಎಡಗೈ ಚಾಚಿ ತನ್ನ ಪಕ್ಕದ ಬಾಗಿಲು ತೆರೆಯುತ್ತ. "ಮುಂದೆ ಕೂತ್ಕಾ. ದಾರೀಲಿ ಮತ್ತೆ ಕೆಮ್ಮಿದ್ರೆ?" ಕೆಮ್ಮುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹಸಿರು ಸೀರೆಗೆ ಮಸಿ ತಾಗದಂತೆ ಅವಳು ಕಾರಿನ ಹಳದಿ ತಲೆಯ ಮೇಲೆ ಕೈ ಊರಿ ಒಳಗೆ ಕೂತಳು.

ಮದುವೆಯ ಮರುದಿನ ಮಂಜಿ ಬುಟ್ಟಿ ಹೊತ್ತು ಸ್ಟ್ಯಾಂಡಿನ ಮುಂದೆ ಬಂದಾಗ ದುರ್ಗಪ್ಪ ದಿನದಂತೆ ಕಾರು ಒರೆಸುತ್ತಿದ್ದ. ಒಂದು ಹನಿ ಕೆಸರು ಸಹಿಸುವವನಲ್ಲ. ಹಳದಿ ಟಾಪಿನ ಮೇಲೆ ಐದು ಬೆರಳೂ ಮೂಡಿದ ಕರಿ ಅಚ್ಚೊಂದು ದೂರಕ್ಕೇ ಕಾಣುತ್ತಿತ್ತು.

"ಹೋಯ್ ದುರ್ಗಪ್ಪ, ಅಲ್ಲಿ ಮಸಿ ಉಳಿದದೆ!" ಯಾರೋ ಕೂಗಿ ತೋರಿಸಿದರು.

"ಕಂಡದೆ, ಕಂಡದೆ," ಅಂದ ಅವನು. ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿ, ಟಾಪು ಒರೆಸುತ್ತ ಬಂದು, ಆ ಕೈಯಚ್ಚಿನ ಅಂಚನ್ನು ತಪ್ಪಿಸಿ, ಬೆರಳು ಬೆರಳಿನ ಸುತ್ತ ನಿಧಾನವಾಗಿ ಒರೆಸಿದ.