ಮೂಲೆ ಕೂಡಿಸುವವಳು

ಮೂರು ದಿನದ ತರಬೇತಿ ಮುಗಿಸಿ ಬಂದವರನ್ನು ಒಂದು ವಾರ ಹತ್ತಿರ ಸೇರಿಸಬಾರದು. ಪುಟ್ಟಿಯೂ ಹಾಗೇ ಬಂದಳು, ಕಂಕುಳಲ್ಲಿ ಫೈಲು, ಬಾಯಲ್ಲಿ ಹೊಸ ಹೊಸ ಮಾತು. ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳು ಸೂಪರ್‌ವೈಸರ್ ಆಗಿ ಎರಡು ತಿಂಗಳಾಗಿತ್ತು. ಇನ್ನೊಂದು ತಿಂಗಳು ಕಳೆದರೆ ಕೆಲಸ ಕಾಯಂ. ಅಲ್ಲಿ ಎಲ್ಲರಿಗೂ ಅವಳು ಮೇಡಂ. ಪುಟ್ಟಿ ಎನ್ನುತ್ತಿದ್ದವಳು ಅಕ್ಕ ಒಬ್ಬಳೇ, ಅದೂ ಮನೆಯಲ್ಲಿ. ಲಾಂಡ್ರಿಯಲ್ಲಿ ಅಕ್ಕನೂ ಮೇಡಂ ಅಂತಲೇ ಕರೆಯುತ್ತಿದ್ದಳು. ಕರೆಯುವಾಗ ಮಾತ್ರ ತುಟಿಯಂಚಿನಲ್ಲಿ ಒಂದು ನಗು ಇರುತ್ತಿತ್ತು.

ಅಕ್ಕ ಅಲ್ಲಿ ಬೆಡ್‌ಶೀಟ್ ಮಡಿಸುವವಳು. ಅಮ್ಮ ಹೋದಾಗ ಪುಟ್ಟಿಗೆ ಒಂಬತ್ತು ವರ್ಷ. ಅಂದಿನಿಂದ ಅವಳ ಊಟ, ಬಟ್ಟೆ, ಕಾಲೇಜು ಎಲ್ಲವೂ ಆ ಮಡಿಸುವ ಮೇಜಿನಿಂದಲೇ ಬಂದಿತ್ತು. ಮಡಿಸುವುದೇನು ಮಹಾ ಎನ್ನಬೇಡಿ. ಒಂದು ಶೀಟಿಗೆ ಇಬ್ಬರು ಬೇಕು. ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿದು ಉದ್ದಕ್ಕೆ ಅರ್ಧ ಮಾಡಬೇಕು. ಆಮೇಲೆ ಒಬ್ಬಳು ನಡೆದುಬಂದು ತನ್ನ ತುದಿಯನ್ನು ಇನ್ನೊಬ್ಬಳ ಕೈಗೆ ಕೊಡಬೇಕು. ನಿಂತವಳು ಮೂಲೆಗೆ ಮೂಲೆ ಕೂಡಿಸಿ, ಸುಕ್ಕಿಲ್ಲದಂತೆ ಎಳೆದು ಮೇಜಿಗೆ ಹಾಕಬೇಕು. ಕೆಲಸದ ಜೀವವೇ ಆ ಮೂಲೆ. ಅದು ಅಕ್ಕನದು. ತುದಿ ಹಿಡಿದು ನಡೆದುಬರುವವಳನ್ನು ಎಲ್ಲರೂ ಮಾತಿನಮಲ್ಲಿ ಎನ್ನುತ್ತಿದ್ದರು; ಬಾಯಿಗೆ ಪುರುಸೊತ್ತೇ ಇರದ ಹೆಂಗಸು. ಒಂಬತ್ತು ವರ್ಷದಿಂದ ಅವರಿಬ್ಬರದೂ ಒಂದೇ ಜೋಡಿ.

ತರಬೇತಿಯಲ್ಲಿ ಟೈ ಕಟ್ಟಿದವನೊಬ್ಬ ಬೋರ್ಡಿನ ಮೇಲೆ ಏಣಿ ಬರೆದಿದ್ದ. ಕೆಳಗಿನ ಮೆಟ್ಟಿಲು ಹೊಟ್ಟೆಬಟ್ಟೆ, ಅದರ ಮೇಲೆ ಭದ್ರತೆ, ಆಮೇಲೆ ನಮ್ಮವರು ಅನ್ನುವ ಜನ, ಅದಕ್ಕೂ ಮೇಲೆ ಮರ್ಯಾದೆ. ಸಂಬಳ ಕೊಟ್ಟರೆ ಗೊಣಗಾಟ ನಿಲ್ಲುತ್ತದೆ, ಉತ್ಸಾಹ ಹುಟ್ಟಬೇಕಾದರೆ ಹೊಗಳಬೇಕು; ಎಲ್ಲರೆದುರು ಹೊಗಳಬೇಕು; ಯಾಕೆ ಅಂತ ಬಿಡಿಸಿ ಹೇಳಬೇಕು ಎಂದಿದ್ದ. ಪುಟ್ಟಿ ಎಲ್ಲವನ್ನೂ ಬರೆದುಕೊಂಡಿದ್ದಳು. ಗೋಡೆಗೊಂದು ಬೋರ್ಡು ಹೊಡೆಸಿ, ವಾರದ ಉತ್ತಮ ಕೆಲಸಗಾರರ ಫೋಟೋ ಹಾಕುವುದೆಂದು ತೀರ್ಮಾನವಾಯಿತು. ಮೊದಲ ಹೆಸರು ಯಾರದೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ಹೆಸರು ಓದುವ ಹಿಂದಿನ ಸಂಜೆಯೇ ಚೀಟಿ ಬರೆದಿಟ್ಟಳು: ಅಕ್ಕನ ಹೆಸರು, ಕೆಳಗೆ ಕಾರಣ, "ಇವರು ಕೂಡಿಸಿದ ಮೂಲೆ ಒಂದು ನೂಲಿನಷ್ಟೂ ಆಚೀಚೆ ಆಗಿದ್ದಿಲ್ಲ."

ಬೆಳಗ್ಗೆ ದೊಡ್ಡ ಮ್ಯಾನೇಜರು ತಾವೂ ಬರುತ್ತೇವೆಂದರು. ಅಷ್ಟು ಸಾಕಾಯಿತು, ಪುಟ್ಟಿ ಚೀಟಿಯನ್ನು ಮತ್ತೆ ಹೊರತೆಗೆದಳು. ಮೊದಲ ವಾರವೇ ಸ್ವಂತ ಅಕ್ಕನ ಫೋಟೋ? ಜನ ಏನಂದಾರು? ಕೆಲಸ ಕಾಯಂ ಆಗುವ ಹೊತ್ತು ಬೇರೆ. ಅಕ್ಕನ ಹೆಸರು ಹೊಡೆದುಹಾಕಿ ಮಾತಿನಮಲ್ಲಿಯ ಹೆಸರು ಬರೆದಳು. ಕಾರಣ ಬದಲಿಸಲು ಪುರುಸೊತ್ತಾಗಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಸುಳ್ಳು. ಪುರುಸೊತ್ತಿತ್ತು. ಬೇರೆ ಕಾರಣ ಹೊಳೆಯಲಿಲ್ಲ, ಅಷ್ಟೇ.

ಕೆಲಸದ ಗಂಟೆ ಹೊಡೆದು ಎಲ್ಲರೂ ಬೋರ್ಡಿನ ಮುಂದೆ ಸೇರಿದರು. ಪುಟ್ಟಿ ಚೀಟಿ ಹಿಡಿದು ಮೂಲೆಯ ಮಾತು ಓದುತ್ತಿದ್ದಂತೆ ಮೂವತ್ತು ಹೆಂಗಸರು ಒಟ್ಟಿಗೆ ಅಕ್ಕನ ಮುಖ ನೋಡಿದರು. ಮಾತಿನಮಲ್ಲಿಯ ಬಾಯಿ ಮೊದಲ ಸಲ ಮುಚ್ಚಿತು. ಅಕ್ಕ ಮಾತ್ರ ಎಲ್ಲರಿಗಿಂತ ಮುಂಚೆ ಚಪ್ಪಾಳೆ ತಟ್ಟಿದಳು. ದೊಡ್ಡ ಮ್ಯಾನೇಜರು, "ಭೇಷ್, ಪಕ್ಷಪಾತ ಇಲ್ಲ ನೋಡಿ ಈ ಹುಡುಗಿಗೆ" ಎಂದು ಪುಟ್ಟಿಯ ಬೆನ್ನು ತಟ್ಟಿ ಹೋದರು.

ಅಂದಿನಿಂದ ಮಡಿಸುವ ಮೇಜಿನಲ್ಲಿ ಮಾತೇ ಇಲ್ಲ. ಮಾತಿನಮಲ್ಲಿ ತಲೆ ತಗ್ಗಿಸಿ ನಡೆದುಬಂದು ತುದಿ ಕೊಟ್ಟು ತಿರುಗಿ ಹೋಗುವಳು. ಊಟದ ಹೊತ್ತಿಗೆ ಒಬ್ಬೊಬ್ಬರೂ ಅವಳನ್ನು ಕೆಣಕುವರು, "ಏನಮ್ಮಾ, ಇವತ್ತು ಎಷ್ಟು ಮೂಲೆ ಕೂಡ್ಸಿದೆ?" ಪುಟ್ಟಿ ಹಾದುಹೋದರೆ ಬೆನ್ನ ಹಿಂದೆ ಕಿಸಕ್ಕನೆ ನಗು. "ನಮ್ ಮೇಡಂಗೆ ಶೀಟಿಗೆ ಎಷ್ಟು ಮೂಲೆ ಅಂತ ಗೊತ್ತೋ ಇಲ್ವೋ!"

ಮನೆಯಲ್ಲಿ ಅಕ್ಕ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಪುಟ್ಟಿಗೆ ಎಷ್ಟೋ ಹಗುರಾಗುತ್ತಿತ್ತು. ಎದ್ದಕೂಡಲೇ ಇಬ್ಬರೂ ಸೇರಿ ಹೊದಿಕೆ ಮಡಿಸುವುದು ಚಿಕ್ಕಂದಿನಿಂದ ರೂಢಿ. ಈಗ ಪುಟ್ಟಿ ಏಳುವಷ್ಟರಲ್ಲಿ ಅಕ್ಕ ಅದನ್ನು ಗದ್ದಕ್ಕೆ ಸಿಕ್ಕಿಸಿಕೊಂಡು ಒಬ್ಬಳೇ ಮಡಿಸಿಬಿಟ್ಟಿರುತ್ತಿದ್ದಳು. "ನಿನಗೆ ಹೊತ್ತಾಗುತ್ತೆ ಹೋಗು" ಎನ್ನುವಳು. ಅಯ್ಯೋ, ಪುಟ್ಟಿಯಾದರೂ ಬಾಯಿ ಬಿಟ್ಟು ಒಂದು ಮಾತು ಹೇಳಬಾರದೇ? ಹೇಳಲಿಲ್ಲ. ಇವತ್ತು, ನಾಳೆ ಎಂದು ಎರಡು ವಾರ ದೂಡಿದಳು.

ಮೂರನೇ ವಾರ ಅವಳ ಮೇಜಿನ ಮೇಲೆ ಅಕ್ಕನದೇ ಅಕ್ಷರದ ಅರ್ಜಿ ಬಂತು. "ನನಗೆ ಕಣ್ಣು ಮಂದವಾಗಿದೆ. ಇತ್ತೀಚೆಗೆ ಮೂಲೆ ಸರಿಯಾಗಿ ಕೂಡುತ್ತಿಲ್ಲ. ದಯವಿಟ್ಟು ನನ್ನನ್ನು ಒಗೆಯುವ ಕಡೆಗೆ ಹಾಕಿ."

ಕಣ್ಣು ಮಂದ! ಹಿಂದಿನ ದಿನವಷ್ಟೇ ಕಿಟಕಿಯ ಬೆಳಕಿಲ್ಲದ ಕಡೆ ಕೂತು ಸೂಜಿಗೆ ದಾರ ಪೋಣಿಸಿದವಳು. ಪುಟ್ಟಿಗೆ ಎಲ್ಲ ಅರ್ಥವಾಯಿತು. ತಂಗಿ ಆಡಿದ ಸುಳ್ಳನ್ನು ನಿಜ ಮಾಡಲು ಅಕ್ಕ ಇನ್ನೊಂದು ಸುಳ್ಳು ಬರೆದುಕೊಟ್ಟಿದ್ದಳು. ಅಕ್ಕನಿಗೇ ಮೂಲೆ ಕೂಡಿಸಲಾಗದಿದ್ದರೆ ಮೇಡಂ ಹೇಳಿದ್ದು ಸರಿಯೇ, ನಗುವವರ ಬಾಯಿಗೂ ಬೀಗ. ಆದರೆ ಒಗೆಯುವ ಕೋಣೆಯೆಂದರೆ ದಿನವಿಡೀ ಬಿಸಿನೀರು, ಚರ್ಮ ಸುಡುವ ಸೋಪು, ಕಿವಿ ಗಡಚಿಕ್ಕುವ ಯಂತ್ರಗಳು. ಅಕ್ಕನ ಕೈ ಮೊದಲೇ ಒಡೆಯುವ ಕೈ.

ಹರಿದು ಹಾಕಬೇಕಿತ್ತು. ದೊಡ್ಡ ಮ್ಯಾನೇಜರು ಅದೇ ಹೊತ್ತಿಗೆ ಬಂದು ಹೆಗಲ ಮೇಲಿಂದ ಓದಿದರು. "ನೋಡಿದ್ರಾ, ಬೋರ್ಡು ಕೆಲಸ ಮಾಡ್ತು! ಅವರವರ ತಪ್ಪು ಅವರಿಗೇ ಗೊತ್ತಾಗ್ತಿದೆ" ಎಂದರು. ಪುಟ್ಟಿ ಸಹಿ ಹಾಕಿದಳು. ಹಾಕಿದ ಕೈಯನ್ನು ಕತ್ತರಿಸಿ ಎಸೆಯಬೇಕು ಅನ್ನಿಸಿತು, ಅದನ್ನೂ ಮಾಡಲಿಲ್ಲ.

ಒಗೆಯುವ ಕೋಣೆ ಸೇರಿದ ಆರನೇ ದಿನ ರಾತ್ರಿ ಅಕ್ಕ ಮನೆಯಲ್ಲಿ ತಟ್ಟೆ ತೊಳೆಯಲು ಪುಟ್ಟಿಯನ್ನು ಕರೆದಳು. ಹದಿನಾಲ್ಕು ವರ್ಷದಲ್ಲಿ ಎಂದೂ ಕರೆದವಳಲ್ಲ. ಅವಳ ಬೆರಳ ಸಂದಿಯಲ್ಲೆಲ್ಲ ಚರ್ಮ ಬಿರಿದು ಕೆಂಪಾಗಿತ್ತು. "ನೀರು ತಾಗಿದ್ರೆ ಉರಿಯುತ್ತೆ ಪುಟ್ಟಿ, ಇವತ್ತೊಂದಿನ" ಎಂದಳು, ತಾನೇ ತಪ್ಪು ಮಾಡಿದವಳ ಹಾಗೆ.

ಮರುದಿನ ಗಂಟೆ ಹೊಡೆದಾಗ ಪುಟ್ಟಿ ಬೋರ್ಡಿನ ಮುಂದೆ ನಿಂತಳು. ದೊಡ್ಡ ಮ್ಯಾನೇಜರು ಬಾಗಿಲಲ್ಲೇ ಇದ್ದರು, ಇರಲಿ.

"ಆ ಮೂಲೆಗಳು ನನ್ನ ಅಕ್ಕಂದು. ಅವಳ ಹೆಸರು ಬರೆದು, ನೀವೇನಂತೀರೋ ಅಂತ ಹೆದರಿ ಹೊಡೆದುಹಾಕಿದೆ. ಅವಳ ಕಣ್ಣು ಚೆನ್ನಾಗೇ ಇದೆ. ನನ್ನ ಮಾನ ಉಳಿಸೋಕೆ ಹಾಗೆ ಬರ್ಕೊಟ್ಲು. ಗೊತ್ತಿದ್ದೂ ಸಹಿ ಹಾಕಿದೆ."

ಯಾರೂ ನಗಲಿಲ್ಲ. ದೊಡ್ಡ ಮ್ಯಾನೇಜರು ಗಡಿಯಾರ ನೋಡಿಕೊಂಡು, "ಆಮೇಲೆ ಆಫೀಸಿಗೆ ಬನ್ನಿ" ಎಂದು ಹೊರಟರು. ಮಾತಿನಮಲ್ಲಿ ಮುಂದೆ ಬಂದು ಸಾಲಿನ ಮೊದಲಿಗಿದ್ದ ತನ್ನ ಫೋಟೋ ಕಿತ್ತು ಜೇಬಿಗೆ ಹಾಕಿಕೊಂಡಳು.

"ನಮಗೆಲ್ಲ ಮೊದಲ ದಿನಾನೇ ಗೊತ್ತಿತ್ತು ಮೇಡಂ. ಯಾವಾಗ ಬಾಯಿ ಬಿಡ್ತೀರಿ ಅಂತ ಕಾಯ್ತಾ ಇದ್ವಿ. ಆದ್ರೆ ನಮಗೆ ಹೇಳಿ ಏನು ಪ್ರಯೋಜನ? ಕೇಳಬೇಕಾದವಳು ಅಲ್ಲಿದಾಳೆ."

ನಿಜ. ಅಕ್ಕ ಒಗೆಯುವ ಕೋಣೆಯಲ್ಲಿದ್ದಳು. ಅಲ್ಲಿ ಯಂತ್ರಗಳ ಸದ್ದಿಗೆ ಗಂಟೆಯೂ ಕೇಳಿಸುವುದಿಲ್ಲ.

ಪುಟ್ಟಿ ಬಾಗಿಲು ತಳ್ಳಿಕೊಂಡು ಓಡಿದಳು. ಹಬೆಯ ನಡುವೆ ಅಕ್ಕ ಬಗ್ಗಿ ಒದ್ದೆ ಶೀಟು ಎಳೆಯುತ್ತಿದ್ದಳು. "ಅಕ್ಕಾ, ನಾನು ಹೆದರಿ ಸುಳ್ಳು ಹೇಳ್ದೆ! ಮೂಲೆ ನಿಂದು!" ಎಂದು ಕೂಗಿದಳು.

ಅಕ್ಕ ಕಿವಿಗೆ ಕೈ ಇಟ್ಟು, ಏನು ಎಂಬಂತೆ ತಲೆ ಆಡಿಸಿದಳು.

ಪುಟ್ಟಿ ಗಂಟಲು ಹರಿಯುವಂತೆ ಮತ್ತೆ ಕೂಗಿದಳು. ಅಳು ಬಂದು ಅರ್ಧ ಮಾತು ನುಂಗಿಹೋಯಿತು. ಮತ್ತೆ ಮೊದಲಿಂದ ಕೂಗಿದಳು. "ಮೂಲೆ ನಿಂದು ಅಕ್ಕಾ! ಎಲ್ಲ ನಿಂದೇ!"

ಅಕ್ಕ ಯಂತ್ರ ನಿಲ್ಲಿಸಿದಳು. ಬಿರಿದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು.

"ಮೊದಲನೇ ಸಲಾನೇ ಕೇಳಿಸ್ತು ಪುಟ್ಟಿ" ಎಂದಳು. "ಇನ್ನೊಂದ್ ಸಲ ಕೇಳ್ಬೇಕು ಅನ್ನಿಸ್ತು, ಅದಕ್ಕೇ."